ವಿಮಾನದ ಬಾಗಿಲಲ್ಲಿ ಒಂಟಿ ಸೀನು

ಸ್ನೇಹಿತರೇ, ಇವತ್ತು ಮಂಡಕಳ್ಳಿ ಏರ್‌ಪೋರ್ಟಲ್ಲಿ ಮೊದಲ ಸಲ ವಿಮಾನ ಹತ್ತಿದೆ. ಭಯ ಇತ್ತು ಕಣ್ರೀ. ಅದಕ್ಕೇ ಒಂದು ತಿಂಗಳು ಸಿಟಿ ಬಸ್ಸಿನ ಕೊನೇ ಸೀಟಲ್ಲಿ ಕೂತು, ಹಂಪ್ ಬಂದಾಗಲೆಲ್ಲ ನಿಧಾನವಾಗಿ ಉಸಿರಾಡೋದು ಕಲ್ತಿದ್ದೆ. ಕಲಿಸಿದ್ದು ನಮ್ಮ ಯಜಮಾನರು. "ಭಯ ಅನ್ನೋದೆಲ್ಲ ಮನಸ್ಸಲ್ಲಿ ಕಣೇ" ಅನ್ನೋರು.

ಇನ್ನೇನು ಹತ್ತಬೇಕು, ಸಾಲಲ್ಲಿ ನಮ್ಮ ಮುಂದಿದ್ದವರು ಒಂದೇ ಒಂದು ಸಲ ಸೀನಿದರು. ಯಜಮಾನರು ವಾಪಸ್ ಹೋಗಿ ಕುರ್ಚಿ ಮೇಲೆ ಕೂತ್ಬುಟ್ರು. "ಒಂಟಿ ಸೀನು, ಅಪಶಕುನ. ನಾನು ಬರಲ್ಲ."

ನಿಧಾನವಾಗಿ ಉಸಿರು ಎಳ್ಕೊಂಡೆ. ಸೀನಿದವರನ್ನೇ ಕೇಳಿದೆ: "ಸರ್, ಇನ್ನೊಂದು ಸೀನ್ಬುಡಿ, ನಮ್ಮ ಯಜಮಾನರು ಹೊರಡಬೇಕು."

ಅವರೂ ನಮ್ಮೂರಿನವರೇ ಇರಬೇಕು. ಕಾರಣ ಕೇಳದೆ ಸೀನಿದರು. ಯಜಮಾನರು ಎದ್ದು ಸಾಲಿಗೆ ಬಂದರು.

ಕಿಟಕಿ ಪಕ್ಕ ಆರಾಮಾಗಿ ಕೂತು ಬಂದೆ. ವಾಪಸ್ ಹೊರಡುವಾಗ ಬ್ಯಾಗಲ್ಲಿ ನಶ್ಯದ ಡಬ್ಬಿ ಇಟ್ಕೋತೀನಿ. ತಯಾರಿ ಅಂದ್ರೆ ತಯಾರಿ.