ಬೀಸುಕಲ್ಲಿನ ಮುಂದೆ ಹೇಳಿದ ಸುದ್ದಿ

ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದಿತ್ತು. ಮರುವರ್ಷದ ಬೇಸಿಗೆ ಬಂದರೂ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಕಲ್ಯಾಣಕ್ಕೆ ಅದು ಬಂದಿರಲಿಲ್ಲ. ಬರುತ್ತಿದ್ದದ್ದು ಬರೀ ಸುದ್ದಿ. ಆ ಊರು ಸುಟ್ಟರಂತೆ, ಈ ಊರಿನವರು ಗಡಿ ದಾಟಿ ಸೊಲ್ಲಾಪುರದ ಕಡೆ ಓಡಿದರಂತೆ.

ನಾನಾಗ ಹೊಸದಾಗಿ ಮದುವೆಯಾಗಿ ಬಂದವಳು. ಸಾವಕಾರರೊಬ್ಬರ ಕೊಟ್ಟಿಗೆಯಲ್ಲಿ ತೊಗರಿ ಒಡೆದು ಬೇಳೆ ಮಾಡುವ ಹೆಂಗಸರಲ್ಲಿ ಒಬ್ಬಳು. ನಮ್ಮ ಗಂಡಂದಿರು ಆ ಬೇಳೆಯನ್ನು ಬಂಡಿಯಲ್ಲಿ ಹೇರಿಕೊಂಡು ಹುಮನಾಬಾದಿನ ಬಜಾರಿಗೆ ಹೋಗುವವರು. ಒಂದೊಂದು ಬೀಸುಕಲ್ಲಿಗೆ ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿದು ತಿರುಗಿಸುತ್ತಿದ್ದೆವು. ನನ್ನ ಎದುರಿಗೆ ಕೂರುತ್ತಿದ್ದವಳು ಮುಸ್ಲಿಮರ ಮನೆಯ ಸೊಸೆ. ಊರಲ್ಲಿ ಎಷ್ಟೋ ಜನ ಒಬ್ಬರ ಮುಖ ಒಬ್ಬರು ನೋಡುವುದನ್ನೇ ಬಿಟ್ಟಿದ್ದರು. ನಾವು ಹಾಗೆ ಬಿಟ್ಟರೆ ಕಲ್ಲು ತಿರುಗುತ್ತಿರಲಿಲ್ಲ.

ನಮಗೆಲ್ಲ ಕೆಲಸ ಹಂಚುತ್ತಿದ್ದವಳು ಒಬ್ಬ ವಿಧವೆ. ಎಲ್ಲರೂ ಆಯಿ ಎನ್ನುತ್ತಿದ್ದೆವು. ಬಂಡಿಗಳ ಸಾಲಿನಲ್ಲಿ ಮುಂದೆ ಹೋಗುತ್ತಿದ್ದವನು ಆಕೆಯ ಒಬ್ಬನೇ ಮಗ. ಮೂಲೆಯಲ್ಲಿ ಗುಸುಗುಸು ಮಾಡಿದರೆ ಆಕೆಗೆ ಆಗುತ್ತಿರಲಿಲ್ಲ. ಸುದ್ದಿಯಿದ್ದರೆ ಬೆಳಗ್ಗೆ ಕಲ್ಲಿನ ಮುಂದೆ ಕೂತು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು.

"ಕಣ್ಣಿಲೆ ನೋಡಿದ್ದೋ, ಯಾರರೆ ಹೇಳಿದ್ದೋ? ಮೊದಲ ಅದನ್ನ ಹೇಳ್ರಿ" ಎಂದು ಕೇಳುತ್ತಿದ್ದಳು. ಅರ್ಧ ಸುದ್ದಿ ಅಲ್ಲಿಗೇ ಬಾಯಿ ಮುಚ್ಚುತ್ತಿತ್ತು.

ಒಂದು ಸಲ ಹೋದ ಬಂಡಿಗಳು ಬರಬೇಕಾದ ದಿನ ಬರಲಿಲ್ಲ. ಮರುದಿನವೂ ಇಲ್ಲ.

"ಆಯಿ, ಏನರೆ ಹೇಳ್ರಿ. ನಾಳೆ ಬರ್ತಾರ ಅಂತಾದ್ರೂ ಹೇಳ್ರಿ" ಎಂದೆ.

"ನನಗ ಗೊತ್ತಿಲ್ಲವ್ವ. ಗೊತ್ತಿಲ್ಲದ್ದು ಹ್ಯಾಂಗ ಹೇಳ್ಲಿ?"

ಒಂದು ಸುಳ್ಳು ಹೇಳಿದ್ದರೆ ಈ ಮುದುಕಿಯ ಗಂಟೇನು ಹೋಗುತ್ತಿತ್ತು ಎಂದು ನನಗೆ ಮೈಯೆಲ್ಲ ಉರಿಯಿತು.

ಆಮೇಲೆ ಹುಡಗಿ ಎಂಬ ಊರಿನ ಬಳೆಗಾರನೊಬ್ಬ ಬಂದ. ಬಾಗಿಲ ಹೊರಗೆ ನಿಂತು ಆಯಿಗೆ ಏನೋ ಮೆಲ್ಲಗೆ ಹೇಳಿದ. ಆಕೆ ಅವನನ್ನು ಒಳಗೆ ಕರೆತಂದಳು.

"ಎಲ್ಲಾರ ಮುಂದ ಹೇಳಪಾ."

"ಹುಮನಾಬಾದ್ ಈಕಡಿ ರಸ್ತೆದಾಗ ನಿಮ್ಮ ಬಂಡಿ ನಿಂತಾವ್ರಿ. ಖಾಲಿ. ಎತ್ತೂ ಇಲ್ಲ, ಮಂದೀನೂ ಇಲ್ಲ. ನನ್ನ ಕಣ್ಣಿಲೆ ನೋಡೀನ್ರಿ."

ಕೊಟ್ಟಿಗೆಯೆಲ್ಲ ಗೋಳೋ ಎಂದಿತು. ನನ್ನ ಎದುರಿನವಳು ಗೂಟದ ಮೇಲಿದ್ದ ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು. ಆಯಿ ನಾವು ಸುಮ್ಮನಾಗುವವರೆಗೂ ಕಾದಳು.

"ಬಂಡಿ ಖಾಲಿ ಅದಾವ, ಇಷ್ಟ ಗೊತ್ತಾತು. ಮಂದಿ ಎಲ್ಲಿ ಅದಾರ, ಗೊತ್ತಿಲ್ಲ. ಸತ್ತಾರ ಅಂತ ಯಾರೂ ಅಳಬ್ಯಾಡ್ರಿ, ಬಂದೇ ಬರ್ತಾರ ಅಂತಾನೂ ಅನಬ್ಯಾಡ್ರಿ. ಮನಿಗೆ ಹೋಗೋರು ಹೋಗ್ರಿ. ಇರೋರು ಕಲ್ಲು ಹಿಡೀರಿ."

ಯಾರೂ ಹೋಗಲಿಲ್ಲ. ಮನೆಯಲ್ಲಿ ಗೋಡೆ ನೋಡಿಕೊಂಡು ಕೂರುವುದಕ್ಕಿಂತ ಇದೇ ವಾಸಿ ಅನ್ನಿಸಿತ್ತು. ಆಯಿ ನಮ್ಮ ಕಲ್ಲಿಗೆ ತೊಗರಿ ಹಾಕಲು ಬಂದಳು. ಬೊಗಸೆಯಲ್ಲಿದ್ದ ಕಾಳು ಕಲ್ಲಿನ ಬಾಯಿಗೆ ಬೀಳದೆ ಸುತ್ತಲೂ ಚೆಲ್ಲಿತು.

ಕೊನೆಗೊಂದು ಮಧ್ಯಾಹ್ನ ಗಂಡಸರು ಬಂದರು. ರಸ್ತೆ ಬಿಟ್ಟು ಹೊಲಗಳಲ್ಲಿ ಸುತ್ತಿ, ಮೋರಖಂಡಿಯ ಕಡೆಯಿಂದ ನಡೆದೇ ಬಂದಿದ್ದರು. ನನ್ನವರಿದ್ದರು. ಎದುರಿನವಳ ಗಂಡನಿದ್ದ. ಆಯಿಯ ಮಗನಿರಲಿಲ್ಲ. ಓಡಿದ ನಾವೆಲ್ಲ ಅರ್ಧಕ್ಕೇ ನಿಂತೆವು.

"ಅವ ಹಿಂದ ಬರಾಕತ್ತಾನ, ಆಯಿ" ಎಂದ ಒಬ್ಬ, ನೆಲ ನೋಡುತ್ತ.

ಆಯಿ ನನ್ನ ಗಂಡನ ಮುಖ ನೋಡಿದಳು. ಅವರು ನನ್ನ ಮುಖ ನೋಡಿದರು. ಇಷ್ಟು ದಿನ ನಾನು ಬೇಡಿಕೊಂಡಿದ್ದಂಥ ಸುಳ್ಳು ಅಲ್ಲಿ ಸಿದ್ಧವಾಗಿತ್ತು. ನಾನು ಹೂಂ ಎಂದರೆ ಸಾಕಿತ್ತು. ನನ್ನಿಂದ ಆಗಲಿಲ್ಲ. ಅಳು ಉಕ್ಕಿ ಬಂತು.

"ಇದ್ದದ್ದು ಹೇಳಿಬಿಡ್ರಿ" ಎಂದೆ.

"ಬಂದೂಕು ಹಿಡಕೊಂಡು ಕುದರಿ ಮ್ಯಾಗ ಬಂದ್ರು. ಅವ ನಮ್ಮನ್ನೆಲ್ಲ ಹಳ್ಳಕ್ಕ ಇಳಿಸಿ, ಕಡೀಗೆ ತಾ ಇಳಿಯಾಕ ಹೋದ. ಗುಂಡು ಬಡೀತು" ಎಂದರು ನನ್ನ ಗಂಡ. "ಅವ ಉಳೀಲಿಲ್ಲ, ಆಯಿ."

ಆಯಿ ಗೋಡೆ ಹಿಡಿದು ಕೂತಳು. ಕೂತಲ್ಲಿಂದಲೇ ಕೇಳಿದಳು, "ಮಣ್ಣು ಯಾರು ಕೊಟ್ರಿ?"

"ಎಲ್ಲಾರೂ ಕೂಡಿ ಕೊಟ್ಟೀವಿ, ಆಯಿ."

ತಲೆಯಾಡಿಸಿದಳು. ಆಮೇಲೆ ನಮ್ಮ ಕಡೆ ತಿರುಗಿ, ದಿನಾ ಕೆಲಸ ಹಂಚುವ ಅದೇ ದನಿಯಲ್ಲಿ ಹೇಳಿದಳು.

"ಗಂಡಸ್ರು ಹಸದು ಬಂದಾರ. ಯಾಕ ನಿಂತೀರಿ? ಮನಿಗೆ ಹೋಗಿ ಒಲಿ ಹೊತ್ತಸ್ರಿ."

ಆ ಕೊಟ್ಟಿಗೆಯಲ್ಲಿ ಆಕೆಯ ಮಾತನ್ನು ಯಾರೂ ಮೀರಿದ್ದಿಲ್ಲ. ಅವತ್ತು ನಾವೆಲ್ಲ ಆಕೆಯ ಸುತ್ತ ಕೂತೆವು. ಒಬ್ಬರೂ ಮನೆಗೆ ಹೋಗಲಿಲ್ಲ.