ಪಲ್ಯ ಬಿಟ್ಟಿದ್ದೆವು, ಸೊಪ್ಪು ಕುಡಿಯುತ್ತಿದ್ದೆವು

ಮೊದಲು ಗೊತ್ತಾದದ್ದು ರೊಟ್ಟಿ ಬಡಿಯುವ ಸಪ್ಪಳದಿಂದ. ನನ್ನ ಹೆಂಡತಿ ಶಬಾನಾ ನಾಲ್ಕು ಬಡಿತ ಬಡಿದು ನಿಲ್ಲುತ್ತಿದ್ದಳು. ಮತ್ತೆ ನಾಲ್ಕು ಬಡಿತ. ಮತ್ತೆ ಸುಮ್ಮನೆ. ಇಪ್ಪತ್ತೆರಡು ವರ್ಷ ಒಂದೇ ಲಯದಲ್ಲಿ ಕೇಳಿದ ಸಪ್ಪಳ ಅದು. ನಾನು ಹೊರಗಿನ ಕೋಣೆಯಲ್ಲಿ ಚಹಾ ಕುಡಿಯುತ್ತ, ಜೋಳದ ಹಿಟ್ಟು ಹದವಾಗಿಲ್ಲವೇನೋ ಅಂದುಕೊಂಡೆ.

"ಯಾಕ, ಏನಾತು?"

"ಏನಿಲ್ರಿ. ಒಂಚೂರ ದಮ್ಮ ಹತ್ತತೈತಿ, ಅಷ್ಟ."

ಆ 'ಅಷ್ಟ' ಎರಡು ತಿಂಗಳು ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಅವಳು ರೊಟ್ಟಿ ಅರ್ಧಕ್ಕೇ ಬಿಟ್ಟು ಗೋಡೆಗೆ ಒರಗಿ ಕುಳಿತಳು. ತುಟಿ ನೀಲಿಯಾಗಿತ್ತು.

ಹೃದಯದ ಎಕೋ ಪರೀಕ್ಷೆ ಮಾಡಿದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ವಿಚಿತ್ರವಾಗಿತ್ತು. ಸಣ್ಣವಳಿದ್ದಾಗ ಗಂಟಲು ನೋವು, ಕೀಲು ಬಾವು, ಜ್ವರ ಬಂದಿತ್ತೇ ಎಂದು. ಬಂದಿತ್ತು. ಮುಗದ ಊರಿನ ತವರುಮನೆಯಲ್ಲಿ, ಹತ್ತು ವರ್ಷದವಳಿದ್ದಾಗ, ಒಂದು ತಿಂಗಳು ಶಾಲೆಗೆ ಹೋಗಿರಲಿಲ್ಲವಂತೆ. ಆ ಜ್ವರ ಅವತ್ತೇ ಹೃದಯದ ಒಂದು ವಾಲ್ವ್ ಹಿಡಿದುಕೊಂಡು, ಮೂವತ್ತಕ್ಕೂ ಹೆಚ್ಚು ವರ್ಷ ಸುಮ್ಮನಿದ್ದು, ಈಗ ಅದನ್ನು ಪೂರಾ ಮುಚ್ಚುವ ಹಂತಕ್ಕೆ ತಂದಿತ್ತು. ಹೋದ ಜ್ವರ ಹೋಗಿರಲಿಲ್ಲ ಎಂದರೆ ಏನರ್ಥ? ನನಗೆ ತಿಳಿಯಲಿಲ್ಲ.

ವಾಲ್ವ್ ಬದಲಿಸಬೇಕು ಎಂದರು.

ಅಮರಗೋಳದಲ್ಲಿ ನನ್ನದು ಮಿಕ್ಸರ್ ರಿಪೇರಿ ಅಂಗಡಿ. ಕೆಟ್ಟ ಭಾಗ ಬಿಚ್ಚಿ ಹೊಸದು ಕೂಡಿಸುವುದು ನನ್ನ ದಿನದ ಕೆಲಸ. ನಮ್ಮಲ್ಲಿ ಮೋಟರ್ ಬಂದ್ ಮಾಡಿ ರಿಪೇರಿ ಮಾಡುತ್ತೇವೆ. ಇಲ್ಲಿಯೂ ಹಾಗೆಯೇ, ಎದೆಬಡಿತ ನಿಲ್ಲಿಸಿ ಮಾಡುತ್ತಾರೆ ಎಂದು ತಿಳಿದ ಮೇಲೆ ಆ ಹೋಲಿಕೆಯನ್ನು ಮತ್ತೆ ಮನಸ್ಸಿಗೆ ತಂದುಕೊಳ್ಳಲಿಲ್ಲ.

ಆಪರೇಶನ್ ಚೆನ್ನಾಗಿಯೇ ಆಯಿತು. ಐಸಿಯುದಲ್ಲಿ ನಾಲ್ಕು ದಿನ, ವಾರ್ಡಿನಲ್ಲಿ ಎಂಟು ದಿನ. ಡಿಸ್ಚಾರ್ಜ್ ದಿನ ಸಿಸ್ಟರ್ ಒಬ್ಬರು ನಮ್ಮಿಬ್ಬರನ್ನೂ ಕೂಡಿಸಿ ಹೇಳಿದರು. ರಕ್ತ ತೆಳುವಾಗಿಡುವ ಗುಳಿಗೆ ಜೀವನಪೂರ್ತಿ, ದಿನಾ ಸಂಜೆ ಒಂದೇ ಹೊತ್ತಿಗೆ. ಹೊಸ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಬಾರದು. ಐಎನ್‌ಆರ್ ಎಂಬ ರಕ್ತಪರೀಕ್ಷೆ ತಪ್ಪಿಸಬಾರದು. ಅವಳಿಗೆ ಅದು ಎರಡೂವರೆಯಿಂದ ಮೂರೂವರೆ ಒಳಗೆ ಇರಬೇಕು. ಹಲ್ಲು ಕೀಳಿಸುವುದಿದ್ದರೆ ಮೊದಲು ಕೇಳಬೇಕು. ನೋವಿನ ಗುಳಿಗೆ ಮನಸ್ಸಿಗೆ ಬಂದಂತೆ ನುಂಗಬಾರದು. ಭಾರ ಎತ್ತಬಾರದು. "ಮತ್ತ ತಪ್ಪಲ ಪಲ್ಯಾ ಕಡಿಮಿ ಇರ್ಲಿ ನೋಡ್ರಿ," ಎಂದರು. ಎಲ್ಲದಕ್ಕೂ ತಲೆಯಾಡಿಸಿದೆವು. ಆ ದಿನ ಯಾರಾದರೂ ಆಕಾಶ ಕಡಿಮೆ ಇರಲಿ ಎಂದಿದ್ದರೂ ತಲೆಯಾಡಿಸುತ್ತಿದ್ದೆವು.

ಮನೆಗೆ ಬಂದ ಮೇಲೆ ತಪ್ಪಲ ಪಲ್ಯ, ಅಂದರೆ ಸೊಪ್ಪಿನ ಪಲ್ಯ, ಬಿಟ್ಟೆವು. ಮೆಂತ್ಯೆ, ರಾಜಗಿರಿ, ಪುಂಡಿ, ಯಾವುದೂ ಒಲೆ ಹತ್ತಲಿಲ್ಲ. ಇದನ್ನು ಖರೇನೇ ಹೇಳುತ್ತಿದ್ದೇನೆ.

ತೊಂದರೆ ಬೇರೆ ಕಡೆಯಿಂದ ಬಂತು. ಶಬಾನಾಳ ಬಾಯಿಗೆ ಏನೂ ಹತ್ತಲಿಲ್ಲ. ಅನ್ನದ ವಾಸನೆಗೆ ಮುಖ ತಿರುಗಿಸುವಳು. ನಾಲಿಗೆಯ ಮೇಲೆ ತಗಡು ಇಟ್ಟಂತಿದೆ ಎನ್ನುವಳು. ಹೊಟ್ಟೆ ಕಟ್ಟಿತ್ತು. ರಕ್ತ ಕಡಿಮೆ ಇದೆ ಎಂದು ರಿಪೋರ್ಟಿನಲ್ಲೇ ಇತ್ತು. ಬಳೆಗಳು ಮೊಣಕೈವರೆಗೆ ಸರಿಯುವಷ್ಟು ಕೈ ಸಣ್ಣಗಾದವು. ಹೊಸ ವಾಲ್ವ್ ಟಿಕ್ ಟಿಕ್ ಎನ್ನುವುದು ಪಕ್ಕದಲ್ಲಿ ಕುಳಿತರೆ ಕೇಳಿಸುತ್ತಿತ್ತು. ಒಳಗಿನ ಯಂತ್ರ ಸರಿಯಾಗಿತ್ತು, ಸುತ್ತಲಿನ ಮನುಷ್ಯಳು ಕರಗುತ್ತಿದ್ದಳು.

ಮಗಳು ಆಫ್ರೀನ್ ಕಾಲೇಜಿನಲ್ಲಿ ಓದುತ್ತಾಳೆ. ಅವಳು ಫೋನಿನಲ್ಲಿ ಒಂದು ವಿಡಿಯೊ ತೋರಿಸಿದಳು.

"ಅಬ್ಬಾ, ಗ್ರೀನ್ ಸ್ಮೂದಿ. ಹಸಿ ತಪ್ಪಲಾ, ಹಣ್ಣಾ ಕೂಡಿಸಿ ಮಿಕ್ಸರಿಗೆ ಹಾಕೂದು. ರಕ್ತಾ ಆಗತೈತಂತ, ಹೊಟ್ಟಿನೂ ಸಾಫ್ ಆಗತೈತಂತ. ಅಮ್ಮಿಗೆ ಅಗಿಯೂ ತ್ರಾಸಿಲ್ಲ."

ಮಿಕ್ಸರ್ ಎಂದ ಕೂಡಲೇ ನನಗೆ ಧೈರ್ಯ ಬಂತು. ಅಡುಗೆ ನನಗೆ ಬಾರದು. ಮಿಕ್ಸರ್ ಬರುತ್ತದೆ.

ಮೊದಲ ದಿನ ಒಂದು ಕಟ್ಟು ಮೆಂತ್ಯೆ, ಅರ್ಧ ಕಟ್ಟು ಪಾಲಕ್, ಒಂದು ತಂಬಿಗೆ ನೀರು ಹಾಕಿ ತಿರುಗಿಸಿದೆ. ಮೇಲೆ ನಾಲ್ಕು ಬೆರಳು ನೊರೆ ನಿಂತಿತು. ಕೆಳಗೆ ಕೆರೆಯ ನೀರಿನಂತಹ ದ್ರವ, ನಡುವೆ ದಾರದಂತಹ ದೇಟು, ಎಲೆಯ ದಂಟು. ಶಬಾನಾ ಒಂದು ಗುಟುಕು ಕುಡಿದು ಬಹಳ ಹೊತ್ತು ನುಂಗಲಿಲ್ಲ.

"ಎಮ್ಮಿಗೆ ಇಡ್ರಿ ಇದನ್ನ. ಅದೂ ಕುಡ್ಯೂದು ಅನುಮಾನ."

ಎರಡನೇ ದಿನ ಸಕ್ಕರೆ ಹಾಕಿದೆ. ಸಿಹಿ ಹುಲ್ಲಾಯಿತು. ಮೂರನೇ ದಿನ ಹಕ್ಕರಕಿ ಹಾಕಿದೆ. ರೊಟ್ಟಿಯ ಜೊತೆ ಅಷ್ಟು ಚೆಂದ ಇರುವ ಸೊಪ್ಪು ಗ್ಲಾಸಿನಲ್ಲಿ ಮೂಗಿಗೆ ಏರಿತು. ನಾಲ್ಕನೇ ದಿನ ಪೇರಲ ಹಣ್ಣು ಹಾಕಿದೆ. ಬೀಜ ಹಲ್ಲಿನಲ್ಲಿ ಸಿಕ್ಕಿ ಅವಳು ಅರ್ಧ ತಾಸು ಮಾತಾಡಲಿಲ್ಲ. ನನಗೆ ಹಟ ಹುಟ್ಟಿತು. ಊರ ಮಿಕ್ಸರ್ ಎಲ್ಲ ರಿಪೇರಿ ಮಾಡುವವನು, ಹೆಂಡತಿಗೆ ಒಂದು ಗ್ಲಾಸು ಕುಡಿಯುವಂಥದ್ದು ಮಾಡಲಾರೆನೇ?

ನಿಧಾನಕ್ಕೆ ಕೈ ಕೂಡಿತು. ಎಲೆ, ಹಣ್ಣು ಎಲ್ಲ ಒಮ್ಮೆಲೇ ಹಾಕಬಾರದು. ಮೊದಲು ಎಲೆಯನ್ನಷ್ಟೇ ಸ್ವಲ್ಪ ನೀರಿನಲ್ಲಿ, ದೇಟು ತೆಗೆದು, ಕೈಗೆ ತರಿ ಹತ್ತದಷ್ಟು ನುಣ್ಣಗೆ ತಿರುಗಿಸಬೇಕು. ಹಣ್ಣು ಆಮೇಲೆ. ಮೆಂತ್ಯೆಯ ಕಹಿ ಯಾವುದರಿಂದಲೂ ಮುಚ್ಚುವುದಿಲ್ಲ. ಹೊಸಬರಿಗೆ ಎಳೆಯ ಪಾಲಕ್ ಸೊಪ್ಪೇ ಸರಿ. ಬಾಳೆಹಣ್ಣು ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಂದದ್ದಿರಬೇಕು, ಅದು ಹಸಿ ವಾಸನೆ ನುಂಗುತ್ತದೆ. ನೆನೆಸಿದ ಎರಡು ಖಜೂರ ಇದ್ದರೆ ಸಕ್ಕರೆ ಬೇಡ. ಪೇರಲವನ್ನು ಬೇರೆ ತಿರುಗಿಸಿ ಸೋಸಿ ಹಾಕಬೇಕು. ಕೊನೆಗೆ ಅರ್ಧ ಲಿಂಬೆ, ಉಗುರಿನಷ್ಟು ಶುಂಠಿ, ಚಿಟಿಕೆ ಕರಿ ಉಪ್ಪು. ತಂಪಾಗಿರಬೇಕು, ಮಾಡಿದ ಕೂಡಲೇ ಕುಡಿಯಬೇಕು.

ಹನ್ನೊಂದನೆಯ ದಿನ ಅವಳು ಗ್ಲಾಸು ಖಾಲಿ ಮಾಡಿ, ತುಟಿ ಒರೆಸಿಕೊಂಡು ಕೇಳಿದಳು. "ಇನ್ನ ಒಂದೀಟು ಐತೇನ್ರಿ?"

ಆ ಒಂದು ಮಾತಿಗೆ ನಾನು ಆ ದಿನವೆಲ್ಲ ಅಂಗಡಿಯಲ್ಲಿ ಒಬ್ಬನೇ ನಗುತ್ತಿದ್ದೆ.

ನಾಲಿಗೆ ಒಗ್ಗಿದ ಹಾಗೆ ಹಣ್ಣು ಕಡಿಮೆ ಮಾಡಿ ಎಲೆ ಹೆಚ್ಚಿಸಿರಿ ಎಂದು ವಿಡಿಯೊದಲ್ಲಿ ಹೇಳಿದ್ದರು. ಹಾಗೇ ಮಾಡಿದೆ. ಒಂದು ಹಿಡಿ ಎರಡಾಯಿತು, ಎರಡು ಹಿಡಿ ಒಂದು ಕಟ್ಟಾಯಿತು. ಬೆಳಿಗ್ಗೆ ಒಂದು ಗ್ಲಾಸು, ಆಮೇಲೆ ಸಂಜೆಗೂ ಒಂದು. ಅವಳ ಹೊಟ್ಟೆ ಸರಿಯಾಯಿತು. ಮುಖಕ್ಕೆ ಬಣ್ಣ ಬಂತು. ಐಎನ್‌ಆರ್ ಹಿಂದಿನ ಎರಡು ಸಲ ಸರಿಯಾಗಿ ಬಂದಿದ್ದರಿಂದ ಮುಂದಿನ ಪರೀಕ್ಷೆಗೆ ತಿಂಗಳು ಬಿಟ್ಟು ಬನ್ನಿ ಎಂದಿದ್ದರು. ಆ ತಿಂಗಳಿನಲ್ಲಿಯೇ ಇದೆಲ್ಲ ನಡೆದದ್ದು.

ಪರೀಕ್ಷೆಗೆ ಐದು ದಿನ ಇತ್ತು. ಶುಕ್ರವಾರ ಬೆಳಿಗ್ಗೆ. ಅವಳ ಕೈಗೆ ಗ್ಲಾಸು ಕೊಟ್ಟು ನಾನು ಜಾರ್ ತೊಳೆಯಲು ತಿರುಗಿದ್ದೆ.

ಗ್ಲಾಸು ಬಿದ್ದಿತು.

ತಿರುಗಿ ನೋಡಿದರೆ ಅವಳು ತನ್ನ ಬಲಗೈಯನ್ನು ಬೇರೆ ಯಾರದೋ ಕೈ ನೋಡಿದಂತೆ ನೋಡುತ್ತಿದ್ದಳು. ಬಾಯಿಯ ಒಂದು ತುದಿ ಕೆಳಗಿಳಿದಿತ್ತು. ಏನೋ ಅಂದಳು. ಮಾತು ಮಾತಾಗಿ ಬರಲಿಲ್ಲ, ಬಾಯಿ ತುಂಬ ಅನ್ನ ಇಟ್ಟುಕೊಂಡು ಆಡಿದಂತೆ ಬಂತು. ನೆಲದ ಮೇಲೆ ಹಸಿರು ಹರಿದು ಅವಳ ಪಾದ ಮುಟ್ಟಿತು. ಆಫ್ರೀನ್ ಓಡಿಹೋಗಿ ಆಟೋ ತಂದಳು.

ದಾರಿಯಲ್ಲಿ ಶಬಾನಾಳ ಬಲಗೈ ಬೆರಳು ನನ್ನ ಬೆರಳನ್ನು ಹಿಡಿದವು. ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ. ಆಸ್ಪತ್ರೆಯ ಬಾಗಿಲಲ್ಲಿ ಅವಳು ಸ್ಪಷ್ಟವಾಗಿ ಕೇಳಿದಳು. "ಗ್ಲಾಸ ಒಡೀತೇನ್ರಿ?"

ನನಗೆ ಅಳು ಬಂತು. ಸ್ಟೀಲಿನ ಗ್ಲಾಸು ಅದು.

ಸಿ.ಟಿ. ಸ್ಕ್ಯಾನ್ ಮಾಡಿದರು, ಎಕೋ ಮಾಡಿದರು. ಮಿದುಳಿಗೆ ಹಾನಿ ಕಾಣುತ್ತಿಲ್ಲ, ವಾಲ್ವ್ ಆಡುತ್ತಿದೆ ಎಂದರು. ಸಣ್ಣದೊಂದು ರಕ್ತದ ಹೆಪ್ಪು ಹೋಗಿ ಮಿದುಳಿನ ನಾಳದಲ್ಲಿ ಅಡ್ಡ ನಿಂತು ಕರಗಿರಬೇಕು. ಐಎನ್‌ಆರ್ ಒಂದು ಪಾಯಿಂಟ್ ಮೂರಕ್ಕೆ ಇಳಿದಿತ್ತು. ರಕ್ತ ತೆಳುವಾಗಿಸುವ ಇಂಜೆಕ್ಷನ್ ಶುರುವಾಯಿತು. ಡಾಕ್ಟರು ನನ್ನನ್ನು ಹೊರಗೆ ಕರೆದರು. ಧಾರವಾಡದವರು, ಎಂದೂ ದನಿ ಏರಿಸಿದವರಲ್ಲ.

"ಗೌಸ್ ಅವರ, ಗುಳಿಗಿ ತಪ್ಪಿತ್ತೇನು?"

"ಒಂದ ದಿನಾನೂ ಇಲ್ರಿ ಸಾಹೇಬ್ರ. ಕೈಯಾರೆ ಕೊಟ್ಟೇನಿ."

"ಬ್ಯಾರೆ ಔಷಧ, ಕಷಾಯ, ಏನರೆ?"

"ಇಲ್ರಿ."

"ಊಟದಾಗ ಏನರೆ ಹೊಸಾದು? ತಪ್ಪಲ ಪಲ್ಯಾ?"

"ಪಲ್ಯಾ ಪೂರಾ ಬಿಟ್ಟೇವ್ರಿ!" ಎಂದೆ. ಹೆಮ್ಮೆಯಿಂದಲೇ ಎಂದೆ. "ಬರೇ ಜೂಸ್ ರೀ. ಪಾಲಕ್ ಹಾಕಿ ನಾನ ಮಾಡ್ತೇನಿ. ದಿನಾ ಎರಡ ಗ್ಲಾಸ."

ಅವರು ಕೈಯಲ್ಲಿದ್ದ ರಿಪೋರ್ಟು ಮಡಿಸಿ ನನ್ನ ಮುಖ ನೋಡಿದರು.

ಆ ನೋಟದಲ್ಲಿ ನನಗೆ ಎಲ್ಲ ತಿಳಿಯಿತು. ತಿಳಿಯಿತು ಎನ್ನುವುದೂ ಸರಿಯಲ್ಲ. ನನ್ನ ಕೈಯಿಂದಲೇ ಏನೋ ಆಗಿದೆ ಎಂಬುದಷ್ಟೇ ತಿಳಿಯಿತು. ಏನು ಎಂಬುದನ್ನು ಅವರು ಬಿಡಿಸಿ ಹೇಳಿದರು. ಹಸಿರೆಲೆಯಲ್ಲಿ ವಿಟಮಿನ್ ಕೆ ಎಂಬುದಿದೆ. ರಕ್ತ ಹೆಪ್ಪುಗಟ್ಟಲು ಅದು ಬೇಕು. ಗುಳಿಗೆ ಅದರ ಕೆಲಸವನ್ನೇ ತಡೆಯುತ್ತದೆ. ಎಲೆ ಏಕಾಏಕಿ ಹೆಚ್ಚಾದರೆ ಗುಳಿಗೆ ಸೋಲುತ್ತದೆ. ಬೇಯಿಸಿ ತಿಂದರೂ ಅಷ್ಟೇ, ಅರೆದು ಕುಡಿದರೂ ಅಷ್ಟೇ.

"ನೀವು ಕೊಟ್ಟದ್ದು ವಿಷ ಅಲ್ಲ. ಆದ್ರ ನಮಗ ಒಂದ ಮಾತ ಹೇಳಬೇಕಿತ್ತು."

ಹೊರಗಿನ ಬೆಂಚಿನ ಮೇಲೆ ಬಹಳ ಹೊತ್ತು ಕುಳಿತೆ. ಪಲ್ಯ ಎಂದರೆ ಒಗ್ಗರಣೆ ಹಾಕಿದ್ದು, ರೊಟ್ಟಿಯ ಜೊತೆ ಬರುವುದು. ಜೂಸು ಎಂದರೆ ಪೇಷಂಟಿಗೆ ಕೊಡುವುದು. ಎರಡರಲ್ಲೂ ಇರುವುದು ಒಂದೇ ಎಲೆ ಎಂಬುದು, ದಿನಾ ಆ ಎಲೆಯ ದೇಟು ಮುರಿಯುತ್ತಿದ್ದ ನನಗೇ ಹೊಳೆಯಲಿಲ್ಲ. ಇದು ದಡ್ಡತನವೇ, ಪ್ರೀತಿಯೇ, ಅವಸರವೇ? ಅವಳ ಮುಖಕ್ಕೆ ಬಣ್ಣ ತಂದದ್ದೂ ಆ ಗ್ಲಾಸೇ, ಕೈ ಬೀಳಿಸಿದ್ದೂ ಆ ಗ್ಲಾಸೇ. ಯಾವುದನ್ನು ನಂಬಬೇಕು?

ಆಫ್ರೀನ್ ವಾರ್ಡಿನ ಮೂಲೆಯಲ್ಲಿ ನಿಂತು ಅಳುತ್ತಿದ್ದಳು. "ವಿಡಿಯೊ ತೋರಿಸಿದಾಕಿ ನಾನ ಅಬ್ಬಾ."

"ಮಾಡಿದಾಂವ ನಾನು," ಎಂದೆ.

ಮಂಚದ ಮೇಲಿಂದ ಶಬಾನಾ ಅಂದಳು. "ಕುಡದಾಕಿ ನಾನು. ಸಿಸ್ಟರ್ ಹೇಳಿದ್ದು ನನಗೂ ನೆನಪಿತ್ತು. ಪಲ್ಯಾ ಅಂದ್ರ ಪಲ್ಯಾನ ಅಂತ ನಾನೂ ತಿಳಿದಿದ್ನಿ. ಸುಮ್ನಿರ್ರಿ ಇಬ್ರೂ." ಆಮೇಲೆ ನನ್ನ ಕಡೆ ನೋಡಿ ಸಣ್ಣಗೆ ನಕ್ಕಳು. "ನೀವು ಅಷ್ಟ ರುಚಿ ಮಾಡಬಾರದಿತ್ತು. ಮೊದಲಿನಂಗ ಇದ್ದಿದ್ರ ಎರಡ ದಿನಕ್ಕ ಬಿಟ್ಟಿರ್ತಿದ್ನಿ."

ಆರು ದಿನ ಇದ್ದೆವು. ಬಿಡುಗಡೆಗೆ ಮುನ್ನ ಡಯಟಿಷಿಯನ್ ಮೇಡಮ್ ಬಂದಾಗ, ಇನ್ನು ಮೇಲೆ ಒಂದು ಎಲೆಯನ್ನೂ ಮನೆಗೆ ತರುವುದಿಲ್ಲ ಎಂದೆ. ಅವರು ಅದಕ್ಕೂ ಒಪ್ಪಲಿಲ್ಲ.

"ಪೂರಾ ಬಿಡೂದೂ ಬ್ಯಾಡ್ರಿ. ಇವತ್ತ ಒಂದ ಕಟ್ಟು, ನಾಳೆ ಏನೂ ಇಲ್ಲ ಅನ್ನೂ ಹಂಗ ಆಗಬಾರದು. ಸಣ್ಣ ಬಟ್ಟಲದಾಗ ಅರ್ಧಾ. ದಿನಾ ಅಷ್ಟ, ಅದಕ್ಕ ಹೊಂದಿಸಿ ಡಾಕ್ಟರ್ ಗುಳಿಗಿ ಕೊಡ್ತಾರ. ಅಳತಿ ಬದಲಿ ಮಾಡೂದಿದ್ರ ಮೊದಲ ನಮಗ ಫೋನ್ ಮಾಡ್ರಿ."

ಬಿಡಬೇಡ, ಹೆಚ್ಚಿಸಬೇಡ. ನನಗೆ ತಲೆ ತಿರುಗಿತು. ಮನೆಗೆ ಬಂದು ಮೂರು ವಾರ ನಾನು ನಮ್ಮ ಮನೆಯ ಮಿಕ್ಸರ್ ಮುಟ್ಟಲಿಲ್ಲ. ಅರ್ಧ ಬಟ್ಟಲು ಎಲೆಯನ್ನು ಆಫ್ರೀನ್ ಬೇಳೆಯಲ್ಲಿ ಹಾಕುತ್ತಿದ್ದಳು. ನಾನು ಅಂಗಡಿಯಲ್ಲಿ ಬೇರೆಯವರ ಮಿಕ್ಸರ್ ಹಚ್ಚಿ ನೋಡುವಾಗಲೂ ಕೈ ಒಂದು ಕ್ಷಣ ತಡೆಯುತ್ತಿತ್ತು.

ಕೇಳಿದವಳು ಶಬಾನಾಳೇ. "ಆ ಅರ್ಧ ಬಟ್ಟಲಾನ ಕುಡ್ಯಾಕ ಮಾಡಿ ಕೊಡ್ರಿ. ಬ್ಯಾಳ್ಯಾಗ ಸಾಕಾತು."

ಮಾಡಿದೆ, ಮೊದಲು ಫೋನ್ ಮಾಡಿ ಕೇಳಿ. ಅರ್ಧ ಬಟ್ಟಲು ಪಾಲಕ್, ಅದಕ್ಕಿಂತ ಒಂದು ಎಲೆಯೂ ಹೆಚ್ಚಲ್ಲ. ಉಳಿದದ್ದು ಸಿಪ್ಪೆ ತೆಗೆದ ಸೌತೆಕಾಯಿ, ಬಾಳೆಹಣ್ಣು, ಸೋಸಿದ ಪೇರಲ. ಬಣ್ಣ ತೀರ ತೆಳು, ಹಸಿರು ಎನ್ನಲು ನಾಚಿಕೆಯಾಗುವಷ್ಟು. ಅವಳು ಕುಡಿಯುವವರೆಗೆ ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಆ ವಾರದ ಐಎನ್‌ಆರ್ ಎರಡು ಪಾಯಿಂಟ್ ಏಳು ಬಂತು. ಮುಂದಿನ ವಾರ ಎರಡು ಪಾಯಿಂಟ್ ಒಂಬತ್ತು. ದೇವರು ದೊಡ್ಡವನು. ಆದರೂ ಪ್ರತಿ ಸಲ ಲ್ಯಾಬಿನ ಕಿಟಕಿಯ ಮುಂದೆ ನಿಂತಾಗ ನನ್ನ ಬಾಯಿ ಒಣಗುತ್ತದೆ. ಅದು ಇನ್ನು ಹೋಗಲಿಕ್ಕಿಲ್ಲ. ಹೋಗದಿದ್ದರೂ ಒಳ್ಳೆಯದೇ ಇರಬೇಕು.

ಕಳೆದ ತಿಂಗಳು ಶಿರಗುಪ್ಪಿಯ ನೀಲವ್ವ ಎಂಬ ಗಿರಾಕಿ ಕೆಟ್ಟ ಜಾರ್ ತಂದರು. ಹರಟುತ್ತ ಕೇಳಿದರು. "ನಿಮ್ಮ ಮನ್ಯಾಗ ತಪ್ಪಲ ಜೂಸ ಭಾಳ ರುಚಿ ಮಾಡ್ತೀರಂತಲ್ರಿ ಭಾಯಿ. ನಮ್ಮ ಮನಿಯವರು ಭಾಳ ಸೊರಗ್ಯಾರ. ಹೆಂಗ ಮಾಡ್ತೀರಿ, ಹೇಳ್ರಿ."

ಜಾರ್ ಕೆಳಗಿಟ್ಟೆ.

"ಅವರಿಗೆ ಗುಳಿಗಿ ಯಾವ್ಯಾವು ನಡದಾವ್ರಿ ಅಕ್ಕಾರ?"

"ಜೂಸಿಗೂ ಗುಳಿಗಿಗೂ ಏನ ಸಂಬಂಧ್ರಿ?"

"ನನಗೂ ಪೂರಾ ತಿಳದಿಲ್ರಿ. ಮೊದಲ ಅವರ ಡಾಕ್ಟರ್‌ನ ಕೇಳ್ರಿ. ಆಮ್ಯಾಲ ರುಚಿ ಹೆಂಗ ಮಾಡೂದು ನಾ ಹೇಳ್ತೇನಿ."

ಹೇಳಲು ಮನಸ್ಸಿಲ್ಲ ಎಂದುಕೊಂಡರೇನೋ, ಮುಖ ಗಂಟಿಕ್ಕಿಕೊಂಡೇ ಜಾರ್ ಬಿಟ್ಟು ಹೋದರು.

ಎಂಟು ದಿನದ ಮೇಲೆ ಜಾರ್ ಒಯ್ಯಲು ಬಂದರು. ಹಿಂದೆ ಗಂಡನೂ ಇದ್ದರು, ಬಡಕಲು ಮನುಷ್ಯ, ಕೈಯಲ್ಲಿ ಡಾಕ್ಟರ ಚೀಟಿ. ಅದನ್ನು ನನ್ನ ಮುಂದೆ ಹಿಡಿದು, "ಕೇಳಿಕೊಂಡ ಬಂದೇವ್ರಿ. ಕುಡೀಬಹುದು ಅಂದಾರ," ಎಂದರು. ಚೀಟಿ ಇಂಗ್ಲಿಷಿನಲ್ಲಿತ್ತು, ನನಗೆ ಒಂದಕ್ಷರ ತಿಳಿಯಲಿಲ್ಲ. ಆದರೂ ಎರಡೂ ಕೈಯಿಂದ ಹಿಡಿದು ಪೂರ್ತಿ ನೋಡಿದೆ. ಆಮೇಲೆ ಸ್ಟೂಲ್ ಎಳೆದು ಅವರನ್ನು ಕೂಡಿಸಿದೆ.

"ದೇಟು ತಗೀಬೇಕ್ರಿ ಮೊದಲ," ಎಂದು ಶುರು ಮಾಡಿದೆ.