ಹಿಂದಿನ ಸೀಟು

ಕಳೆದ ಭಾನುವಾರ ಸಂಜೆ ನನ್ನ ಭಾವನ ಕಾರು ನೇತ್ರಾವತಿ ಹೊಳೆಗೆ ಇಳಿಯಿತು. ಪೂರ್ತಿ ಅಲ್ಲ. ಹಿಂದಿನ ಸೀಟು ಮುಳುಗುವಷ್ಟು.

ಯಾರಿಗೂ ಏನೂ ಆಗಲಿಲ್ಲ. ಆದರೂ ನಿಧಾನವಾಗಿ, ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಸುಧಾಕರ ಭಾವ ನನ್ನ ಹೆಂಡತಿಯ ಅಣ್ಣ. ಗಲ್ಫ್‌ನಿಂದ ವಾಪಸಾದವರು ಎಲ್ಲರ ಹಾಗೆ ಫ್ಲ್ಯಾಟ್ ಕೊಳ್ಳಲಿಲ್ಲ, ಮೋಟಾರ್ ಬೋಟ್ ಕೊಂಡರು. ವಾಮಂಜೂರಿನ ಮನೆಯಂಗಳದಲ್ಲಿ ಅದು ಟ್ರೇಲರ್ ಮೇಲೆ ಕೂತಿರುತ್ತದೆ. ("ಗದ್ದೆಗೆ ನೆರೆ ಬಂದ್ರೆ ನಮ್ಮನ್ನೂ ಹತ್ತಿಸಿಕೊಳ್ಳಿ ಮಾರಾಯ್ರೆ," ಎಂದು ಪಕ್ಕದ ಮನೆಯವರ ತಮಾಷೆ.) ಭಾನುವಾರ ಅದನ್ನು ಕಾರಿನ ಹಿಂದೆ ಕಟ್ಟಿಕೊಂಡು ಹೊಳೆಗೆ ಒಯ್ಯುತ್ತಾರೆ. ನೀರಿಗೆ ಇಳಿಸುವುದು, ಮತ್ತೆ ಮೇಲೆ ಎಳೆಯುವುದು, ಎಲ್ಲ ಒಬ್ಬರೇ. ಸಹಾಯಕ್ಕೆ ಹೋದರೆ, "ನೀವು ದೂರ ನಿಂತ್ರೆ ಅದೇ ದೊಡ್ಡ ಹೆಲ್ಪ್ ಭಾವ," ಅನ್ನುತ್ತಾರೆ. (ನಾನೂ ಅವರಿಗೆ ಭಾವನೇ.)

ಅವರದೊಂದು ರೂಲ್ ಇದೆ. ಹೊಳೆಬದಿಯ ಕಾಂಕ್ರೀಟ್ ಇಳಿಜಾರಿನಲ್ಲಿ ಕಾರು ರಿವರ್ಸ್ ತೆಗೆಯುವ ಮೊದಲು ಒಳಗಿದ್ದವರೆಲ್ಲ ಇಳಿಯಬೇಕು. ತಾವು ಬೆಲ್ಟ್ ಬಿಚ್ಚಿ, ಕಿಟಕಿಗಳನ್ನೆಲ್ಲ ಇಳಿಸಿಯೇ ಹಿಂದೆ ಹೋಗುವುದು. ಮಳೆಯಿರಲಿ, ಬಿಸಿಲಿರಲಿ. ಒಮ್ಮೆ ತಮ್ಮ ಅಮ್ಮನನ್ನೂ ಇಳಿಸಿದ್ದರು. "ನನ್ನನ್ನು ಹೊಳೆ ತೋರಿಸ್ಲಿಕ್ಕೆ ತಂದದ್ದಾ, ಡ್ರಿಲ್ ಮಾಡಿಸ್ಲಿಕ್ಕಾ?" ಎಂದು ಅತ್ತೆ ಗೊಣಗಿದ್ದರು.

ಆ ಸಂಜೆ ಹೊಳೆ ಸುತ್ತಿ ಬಂದು, ಬೋಟನ್ನು ದಡದಲ್ಲಿ ಕಟ್ಟಿದ್ದರು. ಇನ್ನು ಅದನ್ನು ಟ್ರೇಲರಿಗೆ ಏರಿಸುವುದಷ್ಟೇ ಬಾಕಿ. ನನ್ನ ನಾಲ್ಕು ವರ್ಷದ ಮಗಳು ಆದ್ಯಾ ಕಾರಿನ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು.

"ಭಾವ, ಮಗುವನ್ನು ಇಳಿಸಿ."

"ಈಗಷ್ಟೇ ಮಲಗಿದ್ದು. ಎಬ್ಬಿಸಿದ್ರೆ ಮನೆವರೆಗೂ ಕೂಗ್ತಾಳೆ."

"ಕೂಗಲಿ."

"ಐದು ನಿಮಿಷದ ಕೆಲಸಕ್ಕೆ ಎಂತ ಇದೆಲ್ಲ?"

"ಕೂಗಲಿ ಮಾರಾಯ್ರೆ. ನೀವು ಇಳಿಸದೆ ನಾನು ಗೇರ್ ಹಾಕುವುದಿಲ್ಲ."

ಸಿಟ್ಟಿನಿಂದಲೇ ಎತ್ತಿಕೊಂಡೆ. ಅವಳು ಕೂಗಿದಳು.

ಭಾವ ಟ್ರೇಲರನ್ನು ನೀರಿಗಿಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲಿಟ್ಟರು. ಬದಿಯಲ್ಲಿ ನಿಂತು ಹಗ್ಗ ಸುತ್ತುವ ವಿಂಚ್ ತಿರುಗಿಸುತ್ತ ಬೋಟನ್ನು ಟ್ರೇಲರಿನ ಮೇಲೆ ಎಳೆದರು. ಎಲ್ಲವನ್ನೂ ಸರಿಯಾಗಿಯೇ ಮಾಡಿದರು, ನಾನು ನೋಡುತ್ತಿದ್ದೆ. ಆದರೆ ಬೆಳಿಗ್ಗೆ ಕಡಲಿನ ಉಬ್ಬರಕ್ಕೆ ಏರಿದ್ದ ಹೊಳೆ ಈಗ ಇಳಿದಿತ್ತು. ನೀರು ಬಿಟ್ಟುಹೋದ ಕಾಂಕ್ರೀಟಿನ ಮೇಲೆ ಬರೀ ಪಾಚಿ. ಬೋಟಿನ ಭಾರ ಬಿದ್ದದ್ದೇ ಕಾರು ಕಲ್ಲಿನ ಸಮೇತ ಹಿಂದಕ್ಕೆ ಜಾರಿತು. ಸದ್ದೇ ಇಲ್ಲ. ಭಾವ ಬದಿಗೆ ಹಾರಿದರು. ಟ್ರೇಲರ್ ಕೆಸರಿನಲ್ಲಿ ಹೂತ ಮೇಲೆಯೇ ಕಾರು ನಿಂತದ್ದು.

ಹಿಂದಿನ ಕಿಟಕಿಯಿಂದ ಆದ್ಯಾಳ ಪುಟ್ಟ ದಿಂಬು ತೇಲಿಕೊಂಡು ಹೊರಗೆ ಬಂತು.

ಅವಳು ಅಳು ನಿಲ್ಲಿಸಿ ಕೇಳಿದಳು, "ಪಪ್ಪಾ, ಕಾರಿಗೂ ಸ್ನಾನವಾ?"



ಮಲಗುವ ಮೊದಲು ಎರಡು ಸಲ ಗ್ಯಾಸ್ ನೋಡುವವರು, "ಹೆಲ್ಮೆಟ್ ಎಲ್ಲಿ?" ಎಂದು ಗೇಟಿನವರೆಗೆ ಓಡಿ ಬರುವವರು ಎಲ್ಲರ ಮನೆಯಲ್ಲೂ ಇದ್ದಾರೆ. ನಾವು ಅವರಿಗಿಟ್ಟ ಹೆಸರು ಕಿರಿಕಿರಿ. ಆಗದೇ ಹೋದ ಅನಾಹುತಕ್ಕೆ ಥ್ಯಾಂಕ್ಸ್ ಹೇಳುವುದಾದರೂ ಹೇಗೆ? ಅದು ಕಣ್ಣಿಗೆ ಬೀಳುವುದೇ ಇಲ್ಲವಲ್ಲ! (ನನ್ನ ಕಣ್ಣಿಗೆ ಬಿತ್ತು.)

ಮನೆಗೆ ರಿಕ್ಷಾ ಹತ್ತುವಾಗ ಒದ್ದೆ ಪ್ಯಾಂಟಿನ ಭಾವ ಹೇಳಿದರು, "ಈಗ ಮಲಗಿಸಿ ಭಾವ. ಇದು ರಿವರ್ಸ್ ಹೋಗುವುದಿಲ್ಲ." ನಗಲು ನೋಡಿದರು, ಆಗಲಿಲ್ಲ. ನಾನು ಅವರ ಕೈ ಹಿಡಿದುಕೊಂಡೆ.

ನಿದ್ದೆ ಕೆಡಿಸಿದ ಮಾಮನ ಮೇಲೆ ಆದ್ಯಾಗೆ ಇನ್ನೂ ಕೋಪ. ಫೋನ್ ಕೊಟ್ಟರೆ, "ನಾನು ಮಾತಾಡುವುದಿಲ್ಲ!" ಎಂದು ಇಡೀ ಮನೆಗೆ ಕೇಳುವ ಹಾಗೆ ಕಿರುಚುತ್ತಾಳೆ.

ಆ ಕಿರುಚಾಟ ಕಿವಿಗೆ ಬೀಳುತ್ತಿದೆಯಲ್ಲ, ನನಗೆ ಇನ್ನೆಂತ ಬೇಕು?